ಎರಡನೇ ಪ್ರೂಫು

ಕುಮಟಾ ಬಸ್‌ಸ್ಟ್ಯಾಂಡಿನ ಹಿಂದೆ, ಝೆರಾಕ್ಸ್ ಮಶೀನಿನ ಬಿಸಿಗೆ
ಬೆನ್ನು ಕೊಟ್ಟು ಕೂತು ಟೈಪಿಸುತ್ತಿದ್ದೇನೆ
ನನ್ನ ತಾಯಿಯ ತವರನ್ನು.
ಪುಟಕ್ಕೆ ಐವತ್ತು ರೂಪಾಯಿ. ಚಿತ್ರ ಸೇರಿಸಿದರೆ ಎಪ್ಪತ್ತು.

ಬರೆದು ತಂದವರು ವಾಮನ ಶಾನಭಾಗರು,
ಕಂಕುಳಲ್ಲಿ ಹೆಲ್ಮೆಟ್ಟು, ಜೇಬಲ್ಲಿ ಮೂರು ಪೆನ್ನು:
'ಮೂಡಕುರ್ವೆ. ಸುತ್ತಲೂ ನದಿ. ನಡುವೆ ನೀವು.
ಇಪ್ಪತ್ತೆರಡು ಪ್ಲಾಟು, ಹದಿನಾಲ್ಕು ಬುಕ್ ಆಗಿವೆ.
ಹಾಲಿನಂಥ ಮೌನ.'
ಹಾಲು ಯಾಕೆ ಬಂತೋ. ಹಾಲು ಹಾಕುವವ
ಬೆಳಿಗ್ಗೆ ಆರಕ್ಕೆ ದೋಣಿಯಿಂದಲೇ ಕೂಗುತ್ತಾನಲ್ಲ,
ಆ ಕೂಗಿಗೆ ಕುರ್ವೆಯ ನಾಯಿಗಳೆಲ್ಲ ಎದ್ದು...
ಇರಲಿ. ನನ್ನ ಕೆಲಸ ಕಾಗುಣಿತ ನೋಡುವುದು.

ನೋಡಿದೆ. 'ಸಮುದ್ರಕ್ಕೆ ಹತ್ತೆ ನಿಮಿಷ' ಎಂದಿತ್ತು, 'ಹತ್ತೇ' ಮಾಡಿದೆ.
ದೀರ್ಘ ಕೊಟ್ಟರೂ ನಿಮಿಷ ಹಿಗ್ಗಲಿಲ್ಲ.
ಅದು ಇಳಿತದ ಹೊತ್ತಿನ ಲೆಕ್ಕ, ಗಾಳಿ ಬೆನ್ನಿಗಿದ್ದು
ಜಟ್ಟಿಮಾವ ಕುಡಿಯದೇ ಇದ್ದ ದಿನದ್ದು.

ಆಮೇಲೆ ನಕಾಶೆ. ಹಸಿರು ಬಣ್ಣದಲ್ಲಿ ಚೌಕ ಚೌಕ.
ಒಂಬತ್ತನೇ ನಂಬರಿನ ಮೇಲೆ ಮೌಸಿನ ಬಾಣ ನಿಂತಿತು.
ಇದು ಗಜನಿ. ಇಲ್ಲಿ ಅಜ್ಜಿ ಸೊಂಟದ ಮಟ್ಟ ನೀರಲ್ಲಿ ನಿಂತು
ಕಗ್ಗದ ತೆನೆಯನ್ನಷ್ಟೇ ಕೊಯ್ಯುತ್ತಿದ್ದಳು, ಹುಲ್ಲನ್ನು ಮೀನಿಗೆ ಬಿಟ್ಟು.
ಕೊಯ್ಲು ಮುಗಿದ ಮೇಲೆ ತೂಬಿನ ಹಲಗೆ ಎತ್ತುತ್ತಿದ್ದರು.
ಉಪ್ಪುನೀರು ಒಳಗೆ ಬರುತ್ತಿತ್ತು, ಮನೆಯವರ ಹಾಗೆ, ಕೇಳದೆ.
ಜೊತೆಗೆ ಶೆಟ್ಲಿ, ನೊಗ್ಲಿ, ಕೆಲವೊಮ್ಮೆ ಯಾರದೋ ಕಳೆದ ಚಪ್ಪಲಿ.
ಆರು ತಿಂಗಳು ಗದ್ದೆ, ಆರು ತಿಂಗಳು ಹೊಳೆ,
ಪಹಣಿಯಲ್ಲಿ ಮಾತ್ರ ವರ್ಷವಿಡೀ ಒಂದೇ ಸರ್ವೆ ನಂಬರು.

ಯಾರ ಪಾಲು ಎಲ್ಲಿಗೆ ಮುಗಿಯಿತು ಅಂತ ಕೇಳಿದರೆ
ಅಜ್ಜಿ ಗದ್ದ ಎತ್ತಿ ಕಟ್ಟೆ ತೋರಿಸುವಳು:
'ಕಟ್ಟೆ ಒಡದ್ರೆ ಎಲ್ಲಾರ್ದೂ ಹೋಗ್ತದೆ. ಅದೇ ಗಡಿ.'

ಶಾನಭಾಗರಿಗೆ ಹೇಳಿದೆ. ಅವರು ಕೆಟ್ಟವರಲ್ಲ.
ಕೂತರು, ಚಾ ತರಿಸಿದರು, ನನಗೂ ಒಂದು.
'ತಂಗೀ, ಮಣ್ಣು ತುಂಬಿಸ್ತೇವೆ. ನಾಲ್ಕಡಿ.
ಹುಬ್ಬಳ್ಳಿಯವರು ಬರ್ತಾರೆ, ಬೆಳಗಾವಿಯವರು. ಒಬ್ಬ ಡಾಕ್ಟ್ರು
ಹೊಳೆ ನೋಡ್ತಾ ಸಾಯ್ಬೇಕು ಅಂತ ಅಡ್ವಾನ್ಸ್ ಕೊಟ್ಟಿದ್ದಾರೆ.
ಒಂಬತ್ತು ನಿನ್ನ ಜಟ್ಟಿಮಾವಂದೇ, ಗೊತ್ತುಂಟಲ್ಲ?'

ಗೊತ್ತಿರಲಿಲ್ಲ.
ಹಿಂದೆ ಮಶೀನು ಯಾರದೋ ಆಧಾರ್ ಕಾರ್ಡನ್ನು
ಎರಡು ಬದಿಯೂ ಬೆಳಗಿ ಹೊರಗೆ ನೂಕಿತು.
ಮಾವನಿಗೆ ಎಂಜಿನ್ನಿನ ದೋಣಿ ಬಂದದ್ದು ಹೋದ ದೀಪಾವಳಿಗೆ.
ನಾವೆಲ್ಲ ಹೂ ಹಾಕಿದ್ದೆವು, ನಾನು ಹತ್ತಿ ಫೋಟೋ ತೆಗೆಸಿಕೊಂಡಿದ್ದೆ.
ಎಷ್ಟು ಬಿತ್ತು ಎಂದು ಯಾರೂ ಕೇಳಿರಲಿಲ್ಲ. ಮೀನಿನ ಬೆಲೆ ಮಾತ್ರ
ಕೇಳುವ ಮನೆ ನಮ್ಮದು.

ಎರಡನೇ ಪ್ರೂಫಿನ ಕೊನೆಯ ಪುಟದಲ್ಲಿ
ಎರಡಿಂಚು ಜಾಗ ಉಳಿಯಿತು. ಅವರು ತೆಂಗಿನ ಮರದ ಚಿತ್ರ ಕೇಳಿದ್ದರು.
ನಾನು ಹಾಕಿದೆ:

ದೋಣಿ: ಜಟ್ಟಿ ಅಂಬಿಗ. ಬೆಳಿಗ್ಗೆ ಆರರಿಂದ.
ತಲೆಗೆ ಹತ್ತು ರೂಪಾಯಿ, ಸೈಕಲ್ಲಿಗೆ ಐದು.
ಹೆರಿಗೆಗೆ ಹೋಗುವವಳಿಗೆ, ಹೆಣಕ್ಕೆ, ದುಡ್ಡಿಲ್ಲ.
ಹುಣ್ಣಿಮೆ ಅಮಾಸೆಗೆ ಹೊಳೆಯನ್ನು ಕೇಳಿಕೊಂಡು ಬನ್ನಿ.
ಸಿಹಿನೀರಿನ ಬಾವಿ ಒಂದೇ. ಕೊಡಪಾನ ನಿಮ್ಮದೇ ತನ್ನಿ.
ಸರದಿಯಲ್ಲಿ ನಿಂತರೆ ಯಾರಾದರೂ ಹೆಸರು ಕೇಳುತ್ತಾರೆ,
ಪ್ಲಾಟಿನ ನಂಬರು ಹೇಳಬೇಡಿ.

ಶಾನಭಾಗರು ಕನ್ನಡಕ ಏರಿಸಿ ಓದಿದರು.
ಒಂದು ಸಾಲು ಹೊಡೆದರು, ಹೆಣದ್ದು. ತಡೆದು,
'ಆ ಡಾಕ್ಟ್ರಿಗೆ ಬೇಕಾಗ್ತದೆ' ಎಂದು
ಹೊಡೆದದ್ದರ ಕೆಳಗೆ ಚುಕ್ಕಿ ಚುಕ್ಕಿ ಇಟ್ಟರು,
ಹಾಗೇ ಇರಲಿ ಎಂಬ ಗುರುತು.

'ಮತ್ತೆ ತೆಂಗಿನ ಮರ?'
ಜಾಗವಿಲ್ಲ, ಎಂದೆ.
'ನಾಳೆ ನೋಡುವ' ಎಂದರು. ಹೊರಗೆ ಅವರ ಸ್ಕೂಟರು
ಎರಡು ಸಲ ಕೆಮ್ಮಿ ಹೊರಟಿತು.
ಐನೂರು ಪ್ರತಿ. ಹಸಿರು ಮಸಿ.